ಇಡೀ ಜಾಲವೇ ಕುಸಿದಾಗ ಸಹಾಯವಾಣಿಯಲ್ಲಿ ಕುಳಿತವರು ಏನು ಹೇಳಬೇಕು?

ಇರುಳುಪಾಳಿ

ಮನೆಗಳಿಗೆ ಇಂಟರ್ನೆಟ್ ಸಂಪರ್ಕ ಕೊಡುವ ಸಂಸ್ಥೆಯೊಂದರ ಸಹಾಯವಾಣಿಯಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ನಮ್ಮ ಜಾಲದ ದೊಡ್ಡ ಭಾಗವೊಂದು ಸಂಜೆಯಿಂದ ನಡುರಾತ್ರಿ ದಾಟುವವರೆಗೆ ಸ್ಥಗಿತವಾಗಿತ್ತು. ಇದೇ ಕೆಲಸದಲ್ಲಿರುವವರನ್ನು ಕೇಳುತ್ತಿದ್ದೇನೆ: ಇಂಥ ಹೊತ್ತಿನಲ್ಲಿ ಗ್ರಾಹಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಲು ನಿಮ್ಮಲ್ಲಿ ಅನುಮತಿ ಇದೆಯೇ?

ಸ್ಥಗಿತದ ಸುದ್ದಿ ಸಹಾಯವಾಣಿಗೆ ಮೊದಲು ಬರುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಗೇನೂ ಇಲ್ಲ. ನಮಗೆ ಅದು ಗೊತ್ತಾಗುವುದು ಗೋಡೆಯ ಮೇಲಿನ ಫಲಕದಿಂದ. ಸರದಿಯಲ್ಲಿ ಕಾಯುತ್ತಿರುವ ಕರೆಗಳ ಸಂಖ್ಯೆ ಹಸಿರು ಬಣ್ಣದಿಂದ ಕೆಂಪಿಗೆ ತಿರುಗುತ್ತದೆ. ಒಂದರ ಹಿಂದೊಂದು ಕರೆಯಲ್ಲಿ ಅದೇ ದೂರು. ಪಕ್ಕದ ಮೇಜಿನವರೂ ಅದೇ ದೂರಿಗೆ ಉತ್ತರಿಸುತ್ತಿರುವುದು ಕಿವಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ಎಲ್ಲರಿಗೂ ವಿಷಯ ತಿಳಿದುಹೋಗಿರುತ್ತದೆ. ಆದರೂ ಜಾಲ ನಿಯಂತ್ರಣ ಕೊಠಡಿಯಿಂದ ದೃಢೀಕರಣ ಬರುವವರೆಗೆ ಮಾಮೂಲಿ ಸ್ಕ್ರಿಪ್ಟ್ ಬಿಡುವಂತಿಲ್ಲ: ರೂಟರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ, ಅದರ ಹಿಂಬದಿಯ ಕ್ರಮಸಂಖ್ಯೆ ಓದಿ ಹೇಳಿ.

ಅಂಥ ಒಂದು ಕರೆಯಲ್ಲಿ ಮಾತನಾಡಿದವರು ವಯಸ್ಸಾದವರು. ರೂಟರ್ ಕಪಾಟಿನ ಹಿಂದೆ ಇತ್ತಂತೆ. ಕಪಾಟು ಸರಿಸುವ ಸದ್ದು ಕೇಳಿಸಿತು, ಅವರು ಏದುಸಿರು ಬಿಡುವುದು ಕೇಳಿಸಿತು, "ಒಂದು ನಿಮಿಷ ಮೇಡಂ, ಕನ್ನಡಕ ತರುತ್ತೇನೆ" ಎಂದರು. ನಾನು ಅಲ್ಲಿಗೇ ತಡೆದೆ. "ಬೇಡ ಸರ್, ಕುಳಿತುಕೊಳ್ಳಿ. ತೊಂದರೆ ನಿಮ್ಮ ಮನೆಯಲ್ಲಿಲ್ಲ, ನಮ್ಮ ಕಡೆ ಇದೆ. ಯಾವಾಗ ಸರಿಹೋಗುತ್ತದೆ ಎಂದು ಈಗ ನನಗೆ ತಿಳಿದಿಲ್ಲ" ಎಂದೆ. ಅವರು ಒಳ್ಳೆಯ ಮಾತನಾಡಿ ಫೋನ್ ಇಟ್ಟರು. ಗುಣಮಟ್ಟ ಪರಿಶೀಲನೆಯಲ್ಲಿ ಆ ಕರೆಗೆ ನನ್ನ ಅಂಕ ಕಡಿತವಾಗಿದೆ. ತಪಾಸಣೆಯ ಹಂತಗಳನ್ನು ಪೂರ್ತಿ ಮಾಡಿಸಲಿಲ್ಲ ಎಂಬುದು ಒಂದು ಕಾರಣ. ದುರಸ್ತಿಯ ಅಂದಾಜು ಸಮಯ ತಿಳಿಸಲಿಲ್ಲ ಎಂಬುದು ಇನ್ನೊಂದು.

ಇಲ್ಲದ ಸಮಯವನ್ನು ಎಲ್ಲಿಂದ ತಂದು ತಿಳಿಸಬೇಕಿತ್ತು?

ಪಾಳಿ ಮೇಲ್ವಿಚಾರಕಿ

ನಿಮ್ಮ ಅಂಕ ಕಡಿದದ್ದು ತಪ್ಪು. ಲಿಖಿತವಾಗಿ ಮರುಪರಿಶೀಲನೆ ಕೇಳಿ, ಬಿಡಬೇಡಿ. ನಮ್ಮಲ್ಲಿ ಸ್ಥಗಿತ ಘೋಷಣೆಯಾದ ಅವಧಿಯ ಕರೆಗಳನ್ನು ಅಂಕದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಘೋಷಣೆಗೆ ಮುಂಚಿನ ಒಂದು ಗಂಟೆಯನ್ನೂ ಸೇರಿಸಿ ಹೊರಗಿಡುತ್ತೇವೆ, ಏಕೆಂದರೆ ನೀವು ಹೇಳಿದ ಹಾಗೆ ಘೋಷಣೆ ಯಾವಾಗಲೂ ತಡವಾಗಿಯೇ ಬರುತ್ತದೆ.

ಆದರೆ ಸ್ಕ್ರಿಪ್ಟ್ ಪರವಾಗಿ ಒಂದು ಮಾತು ಹೇಳಲೇಬೇಕು. ದೊಡ್ಡ ಸ್ಥಗಿತದ ನಡುವೆಯೂ ಕೆಲವು ಮನೆಗಳಲ್ಲಿ ಬೇರೆಯದೇ ದೋಷ ಇರುತ್ತದೆ. ಒಂದು ಕಡೆ ಇಲಿ ಕಡಿದ ಕೇಬಲ್, ಇನ್ನೊಂದು ಕಡೆ ಸುಟ್ಟ ಅಡಾಪ್ಟರ್. ಇವರನ್ನೂ ಸ್ಥಗಿತದ ಮೂಲ ಟಿಕೆಟ್‌ಗೆ, ಅಂದರೆ ಇಡೀ ಸ್ಥಗಿತಕ್ಕೆ ತೆರೆದ ಒಂದೇ ದೂರಿನ ದಾಖಲೆಗೆ, ಜೋಡಿಸಿಬಿಟ್ಟರೆ, ಜಾಲ ಸರಿಹೋದ ಕೂಡಲೇ ಆ ಟಿಕೆಟ್‌ನ ಜೊತೆ ಇವರ ದೂರೂ ಮುಚ್ಚಿಹೋಗುತ್ತದೆ. "ಅವರ ಕಡೆಯ ತೊಂದರೆ, ಅವರೇ ಸರಿಮಾಡುತ್ತಾರೆ" ಎಂದು ನಂಬಿ ಇವರು ಸುಮ್ಮನೆ ಕಾಯುತ್ತಿರುತ್ತಾರೆ. ಅದಕ್ಕಾಗಿ ನಾವು ಇಡೀ ತಪಾಸಣೆಯ ಬದಲು ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೇವೆ. ಸಾಧನದ ಮೇಲೆ ಕೆಂಪು ದೀಪ ಮಿನುಗುತ್ತಿದೆಯೇ? ಅಕ್ಕಪಕ್ಕದ ಮನೆಯವರಿಗೆ ಬರುತ್ತಿದೆಯೇ? ಕಪಾಟು ಸರಿಸುವ ಅಗತ್ಯವೇ ಬೀಳುವುದಿಲ್ಲ. ಎಲ್‌ಓಎಸ್ ದೀಪ ಕೆಂಪಗಿದ್ದರೆ ಫೈಬರ್‌ನಲ್ಲಿ ಬೆಳಕೇ ತಲುಪುತ್ತಿಲ್ಲ ಎಂದರ್ಥ. ದೀಪಗಳೆಲ್ಲ ಹಸಿರಾಗಿದ್ದೂ ಯಾವ ಪುಟವೂ ತೆರೆಯದಿದ್ದರೆ ದೋಷ ಇನ್ನೂ ಮೇಲಿನದು, ಜಾಲದೊಳಗೆ ಎಲ್ಲೋ ಇದೆ. ಎರಡೂ ಉತ್ತರ ಜಾಲ ನಿಯಂತ್ರಣ ಕೊಠಡಿಯವರಿಗೂ ಉಪಯೋಗಕ್ಕೆ ಬರುತ್ತದೆ.

ಫೈಬರ್ ಜೋಡಣೆ

ಅಂದಾಜು ಸಮಯ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಲ್ಲ, ನಾನು ಆ ಕಡೆಯವನು. ಕೆಲವು ವರ್ಷ ಕೇಬಲ್ ಜೋಡಿಸುವ ತಂಡದಲ್ಲಿದ್ದೆ, ಈಗ ನಿಯಂತ್ರಣ ಕೊಠಡಿಯಲ್ಲಿದ್ದೇನೆ. ಬಿಡಿಸಿ ಹೇಳುತ್ತೇನೆ.

ಕೇಬಲ್ ತುಂಡಾದಾಗ ಮೊದಲು ಓಟಿಡಿಆರ್ ಎಂಬ ಯಂತ್ರದಿಂದ ಫೈಬರ್‌ನೊಳಗೆ ಬೆಳಕಿನ ಮಿಡಿತ ಕಳುಹಿಸುತ್ತೇವೆ. ಮರಳಿ ಬರುವ ಬೆಳಕು ತೆಗೆದುಕೊಂಡ ಸಮಯದಿಂದ ತುಂಡಾದ ಜಾಗ ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ಆದರೆ ಅದು ಕೇಬಲ್‌ನ ಉದ್ದ, ನೆಲದ ಮೇಲಿನ ದೂರವಲ್ಲ. ದಾರಿಯುದ್ದಕ್ಕೂ ಮುಂದಿನ ದುರಸ್ತಿಗೆಂದು ಹೆಚ್ಚುವರಿ ಕೇಬಲನ್ನು ಸುರುಳಿ ಸುತ್ತಿ ಬಿಟ್ಟಿರುತ್ತಾರೆ. ಹಾಗಾಗಿ ಯಂತ್ರ ತೋರಿಸಿದ ಅಂಕಿಯನ್ನು ನಕ್ಷೆಯ ಮೇಲಿಟ್ಟು, ಹೋಗಿ, ನೋಡಿ, ಅಗೆಯಬೇಕು. ಅಗೆದಾದ ಮೇಲೆ ಗುಂಡಿಯ ಪಕ್ಕದಲ್ಲೇ ಮಳೆ ಧೂಳು ತಾಗದಂತೆ ಮರೆ ಕಟ್ಟಿಕೊಂಡು ಕುಳಿತುಕೊಳ್ಳುತ್ತೇವೆ. ಗಾಜಿನ ಒಂದೊಂದು ಎಳೆಯ ವ್ಯಾಸ 125 ಮೈಕ್ರೋಮೀಟರ್. ಹೊದಿಕೆ ಸುಲಿದು, ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಬೆಸೆಯುವ ಯಂತ್ರದೊಳಗೆ ಎರಡು ತುದಿಗಳನ್ನು ಎದುರುಬದುರು ಇಡಬೇಕು. ಕಿಡಿ ಹಾರಿ ಎರಡೂ ಒಂದಾಗುತ್ತವೆ. ಬೆಸುಗೆಯಲ್ಲಿ ಬೆಳಕು ಎಷ್ಟು ನಷ್ಟವಾಗುತ್ತಿದೆ ಎಂದು ಪರದೆ ತೋರಿಸುತ್ತದೆ. ಹೆಚ್ಚಿದ್ದರೆ ಕತ್ತರಿಸಿ ಮೊದಲಿನಿಂದ. ಇದಾದ ಮೇಲೆ ಮುಂದಿನ ಎಳೆ. ಮುಖ್ಯ ಕೇಬಲ್‌ನಲ್ಲಿ ಇಂಥ ನೂರಾರು ಎಳೆಗಳಿರಬಹುದು. ಪಕ್ಕಪಕ್ಕದ ಎರಡು ಬೀದಿಗಳಲ್ಲಿ ಒಂದಕ್ಕೆ ಬೇಗ, ಇನ್ನೊಂದಕ್ಕೆ ತಡವಾಗಿ ಸಂಪರ್ಕ ಬರುವುದಕ್ಕೆ ಇದೇ ಕಾರಣ. ಗ್ರಾಹಕರು ಇದನ್ನು ತಾರತಮ್ಯ ಎಂದುಕೊಳ್ಳುತ್ತಾರೆ. ದಯವಿಟ್ಟು ಅವರಿಗೆ ಇಷ್ಟು ಹೇಳಿ.

ಕೇಬಲ್ ಕಡಿತದಲ್ಲಾದರೂ ಜಾಗ ಸಿಕ್ಕಿದ ಮೇಲೆ ಸಮಯ ಅಂದಾಜಿಗೆ ಸಿಗುತ್ತದೆ. ರೂಟಿಂಗ್, ಅಂದರೆ ದತ್ತಾಂಶ ಯಾವ ಮಾರ್ಗದಲ್ಲಿ ಹೋಗಬೇಕೆಂದು ತೋರಿಸುವ ವ್ಯವಸ್ಥೆ, ಕೆಟ್ಟಾಗ ಅದೂ ಇಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಾಲ ಜಗತ್ತಿನಿಂದಲೇ ಮಾಯವಾಯಿತು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಬೆನ್ನೆಲುಬಿನ ಜಾಲವನ್ನೇ ಕಡಿದುಹಾಕಿತ್ತು. ಎಂಜಿನಿಯರ್‌ಗಳು ದೂರದಿಂದ ಒಳಹೋಗಲು ಬಳಸುವ ದಾರಿಯೂ ಅದರ ಜೊತೆ ಹೋಯಿತು. ಕೆನಡಾದಲ್ಲಿ 2022ರ ಜುಲೈ 8ರಂದು ರೋಜರ್ಸ್ ಜಾಲ ಬಿದ್ದಾಗಲೂ ಇದೇ ಕಥೆ. ಕೋರ್ ಜಾಲದ, ಅಂದರೆ ಎಲ್ಲ ಸಂಪರ್ಕಗಳೂ ಹಾದುಹೋಗುವ ಕೇಂದ್ರಭಾಗದ, ಬದಲಾವಣೆಯ ವೇಳೆ ಒಂದು ರೂಟಿಂಗ್ ಫಿಲ್ಟರ್ ತೆಗೆದದ್ದರಿಂದ ಮಾರ್ಗದ ಮಾಹಿತಿ ಮಿತಿಮೀರಿ ನುಗ್ಗಿ ಕೋರ್ ರೂಟರ್‌ಗಳು ಕೈಕೊಟ್ಟವು; ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ನಿರ್ವಹಣಾ ಜಾಲವೂ ಅದೇ ಕೋರ್ ಮೇಲೆ ನಿಂತಿದ್ದರಿಂದ ಸಿಬ್ಬಂದಿ ತಮ್ಮತಮ್ಮಲ್ಲೇ ಮಾತನಾಡಲಾಗದೆ, ಬೇರೆ ಕಂಪನಿಗಳ ಸಿಮ್ ಕಾರ್ಡ್‌ಗಳನ್ನು ತರಿಸಿ ಹಂಚಬೇಕಾಯಿತು. ಅಂಥ ಹೊತ್ತಿನಲ್ಲಿ ನೀವು ನಿಯಂತ್ರಣ ಕೊಠಡಿಗೆ "ಎಷ್ಟು ಹೊತ್ತು?" ಎಂದು ಕೇಳಿದರೆ, ಕೇಳಿದ ನಿಮಗಿಂತ ಹೆಚ್ಚೇನೂ ನಮಗೆ ಕಾಣುತ್ತಿರುವುದಿಲ್ಲ.

ಆದರೂ ಮೇಲಿನವರು ಒತ್ತಾಯಿಸುತ್ತಾರೆ. ಯಾರೋ ಒಬ್ಬರು "ಬಹುಶಃ ಎರಡು ಗಂಟೆ ಆಗಬಹುದೇನೋ, ಜಾಗ ಸಿಕ್ಕರೆ" ಎನ್ನುತ್ತಾರೆ. ಅದು ವ್ಯವಸ್ಥಾಪಕರಿಗೆ ಹೋಗುವಷ್ಟರಲ್ಲಿ "ಜಾಗ ಸಿಕ್ಕರೆ" ಬಿದ್ದುಹೋಗುತ್ತದೆ. ನಿಮ್ಮ ಪರದೆಗೆ ಬರುವಷ್ಟರಲ್ಲಿ "ಬಹುಶಃ" ಕೂಡ ಇರುವುದಿಲ್ಲ. ಉಳಿಯುವುದು "ಎರಡು ಗಂಟೆ" ಮಾತ್ರ. ನಿಮ್ಮ ಬಾಯಿಂದ ಗ್ರಾಹಕರು ಕೇಳುವ ವಾಗ್ದಾನ ಹುಟ್ಟುವುದು ಹೀಗೆ.

ಇರುಳುಪಾಳಿ

ಇದನ್ನು ಓದಿ ಎಷ್ಟೋ ಸಮಾಧಾನವಾಯಿತು. ಮೊನ್ನೆ ನಮ್ಮ ಪರದೆಯ ಮೇಲೆ ಸಮಯ ಮೂರು ಸಲ ಮುಂದಕ್ಕೆ ಹೋಯಿತು. ಪ್ರತಿ ಸಲವೂ ಹಿಂದಿನ ಸಮಯವನ್ನು ನಂಬಿ ಕುಳಿತವರು ಮತ್ತೆ ಕರೆ ಮಾಡುತ್ತಿದ್ದರು, ಪ್ರತಿ ಸಲವೂ ದನಿ ಏರಿರುತ್ತಿತ್ತು. ಮೊದಲ ಕರೆಯಲ್ಲಿ ಬೈಯದವರು ಮೂರನೆಯದರಲ್ಲಿ ಬೈದರು. ಅವರ ಸಿಟ್ಟು ಸ್ಥಗಿತದ ಮೇಲಿರಲಿಲ್ಲ, ಮಾತು ತಪ್ಪಿದ್ದರ ಮೇಲಿತ್ತು.

ಮನೆಯೇ ಕಚೇರಿ

ನಾನು ಸಹಾಯವಾಣಿಯವನಲ್ಲ, ಕರೆ ಮಾಡುವ ಕಡೆಯವನು. ಒಂದು ಮಾತು ಹೇಳಬಹುದೇ?

ಸಂಪರ್ಕ ಹೋದಾಗ ನನಗೆ ಬೇಕಾಗಿರುವುದು ಕ್ಷಮಾಪಣೆಯಲ್ಲ. ಕಾಯಬೇಕೇ, ಎದ್ದು ಬೇರೆಲ್ಲಾದರೂ ಹೋಗಬೇಕೇ ಎಂದು ತೀರ್ಮಾನಿಸಲು ಆಧಾರ ಬೇಕು. ಮಗಳಿಗೆ ಆನ್‌ಲೈನ್ ಪರೀಕ್ಷೆ ಇದ್ದ ದಿನ "ಇನ್ನರ್ಧ ಗಂಟೆ" ಎಂಬ ಮಾತನ್ನೇ ಮತ್ತೆಮತ್ತೆ ಕೇಳಿ ಮನೆಯಲ್ಲೇ ಕುಳಿತೆವು. ಮೊದಲೇ "ಇವತ್ತು ಬರುವ ಭರವಸೆ ಇಲ್ಲ" ಎಂದಿದ್ದರೆ ಅಷ್ಟು ಹೊತ್ತಿಗೆ ಅವಳ ಚಿಕ್ಕಮ್ಮನ ಮನೆ ತಲುಪಿರುತ್ತಿದ್ದೆವು. ಕೆಟ್ಟ ಸುದ್ದಿ ಬೇಗ ಸಿಕ್ಕರೆ ಅದರಿಂದಲೂ ಉಪಯೋಗವಿದೆ. ತಪ್ಪು ಸಮಾಧಾನ ಕೊಟ್ಟು ಹಾದಿ ಕಟ್ಟಿಹಾಕಬೇಡಿ.

ಚಾಟ್ ಕಿಟಕಿ

ನಮ್ಮದು ತಂತ್ರಾಂಶ ಕಂಪನಿ, ನಾನು ಚಾಟ್ ಮೂಲಕ ಉತ್ತರಿಸುವವಳು. ನಮ್ಮ ಪಾಡು ಸ್ವಲ್ಪ ಬೇರೆ. ನಮ್ಮ ಸೇವೆ ನಡೆಯುವುದು ಕ್ಲೌಡ್ ಮೇಲೆ, ಅಂದರೆ ಬೇರೆ ಕಂಪನಿಯಿಂದ ಬಾಡಿಗೆಗೆ ಪಡೆದ ಸರ್ವರ್‌ಗಳ ಮೇಲೆ; ಅದು ಬಿದ್ದಾಗ ನಮ್ಮ ಸೇವೆಯೂ ಬೀಳುತ್ತದೆ, ಸರಿಮಾಡುವವರು ನಾವಲ್ಲ. ಅದಕ್ಕಿಂತ ಕಷ್ಟದ್ದು ಎಂದರೆ, ಎಲ್ಲವೂ ಸರಿಯಿದೆಯೇ ಎಂದು ತೋರಿಸಬೇಕಾದ ಸ್ಥಿತಿಪುಟವೇ ಸುಳ್ಳು ಹೇಳುವುದು. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಒಂದು ತಪ್ಪು ಆದೇಶದಿಂದ ಬಿದ್ದಾಗ, ಅದರ ಸ್ಥಿತಿಫಲಕವನ್ನು ಬದಲಿಸುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ನಿಂತಿತ್ತು. ಹೀಗಾಗಿ ಸೇವೆ ಬಿದ್ದಿದ್ದರೂ ಫಲಕ ಹಸಿರಾಗಿಯೇ ಉಳಿಯಿತು. ಅವರು ಟ್ವಿಟರ್‌ನಲ್ಲಿ ಬರೆದು ತಿಳಿಸಬೇಕಾಯಿತು. ಗ್ರಾಹಕರು ಅಂಥ ಹಸಿರು ಫಲಕದ ಚಿತ್ರವನ್ನೇ ನಮಗೆ ಕಳುಹಿಸಿ "ಅವರದು ಸರಿಯಿದೆ, ಕೆಟ್ಟಿರುವುದು ನಿಮ್ಮದೇ" ಎನ್ನುತ್ತಾರೆ.

ಕಾರಣದ ಬಗ್ಗೆಯೂ ಎಚ್ಚರಿಕೆ ಬೇಕು. 2025ರ ನವೆಂಬರ್ 18ರಂದು, ಅನೇಕ ಜಾಲತಾಣಗಳ ಮುಂದೆ ನಿಂತು ಅವುಗಳನ್ನು ಕಾಯುವ ಕ್ಲೌಡ್‌ಫ್ಲೇರ್ ಕಂಪನಿಯ ಸೇವೆ ಕುಸಿದಾಗ ಮೊದಲಿಗೆ ಅವರದೇ ಎಂಜಿನಿಯರ್‌ಗಳಿಗೆ ಹೊರಗಿನ ದಾಳಿಯ ಗುಮಾನಿ ಬಂದಿತ್ತು. ಅವರ ಸ್ಥಿತಿಪುಟವೂ ಕಾಕತಾಳೀಯವಾಗಿ ಅದೇ ಹೊತ್ತಿಗೆ ನಿಂತಿದ್ದರಿಂದ ಗುಮಾನಿ ಬಲವಾಯಿತು. ಕೊನೆಗೆ ನೋಡಿದರೆ, ಬಾಟ್‌ಗಳನ್ನು (ಮನುಷ್ಯರಂತೆ ತಾಣಗಳಿಗೆ ಬರುವ ಸ್ವಯಂಚಾಲಿತ ಪ್ರೋಗ್ರಾಂಗಳನ್ನು) ಗುರುತಿಸುವ ವ್ಯವಸ್ಥೆಯ ಒಂದು ಕಡತ ನಿರೀಕ್ಷೆಗಿಂತ ದೊಡ್ಡದಾಗಿ ಬೆಳೆದಿತ್ತು. ಒಳಗಿರುವವರಿಗೇ ಹೀಗಾದರೆ ಹೊರಗಿನ ನಾವು ಮೊದಲ ಗಂಟೆಯಲ್ಲಿ "ಸೈಬರ್ ದಾಳಿಯಂತೆ" ಎಂದು ಬಾಯಿ ಬಿಡುವುದು ಸರಿಯಲ್ಲ. "ಏನು ಕೆಲಸ ಮಾಡುತ್ತಿಲ್ಲ, ಏನು ಮಾಡುತ್ತಿದೆ, ನಿಮ್ಮ ದತ್ತಾಂಶ ಸುರಕ್ಷಿತವಾಗಿದೆಯೇ" ಎಂಬ ಮೂರನ್ನು ಮಾತ್ರ ಹೇಳುತ್ತೇವೆ, ಅದೂ ದೃಢಪಟ್ಟಷ್ಟನ್ನು. ಕ್ಲೌಡ್ ಕಂಪನಿಯ ಹೆಸರನ್ನು ಹೇಳುತ್ತೇವೆ, ಆದರೆ ಬೆರಳು ಅವರ ಕಡೆ ತೋರಿಸಿ ಕೈ ತೊಳೆದುಕೊಳ್ಳುವುದಿಲ್ಲ. ಗ್ರಾಹಕರು ಹಣ ಕೊಡುವುದು ನಮಗೆ.

ಇನ್ನೊಂದು. ಟಿಕೆಟ್ ವ್ಯವಸ್ಥೆಯೂ ಅದೇ ಕ್ಲೌಡ್‌ನಲ್ಲಿದ್ದರೆ ಸ್ಥಗಿತದ ದಿನ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ದೊಡ್ಡ ಗ್ರಾಹಕರ ಫೋನ್ ಸಂಖ್ಯೆಗಳನ್ನೂ ತಂಡದವರ ಸಂಖ್ಯೆಗಳನ್ನೂ ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ.

ತುರ್ತು ಸೇವೆ

ಎಲ್ಲರೂ ಸಮಯ, ಅಂಕ, ಸಿಟ್ಟಿನ ಬಗ್ಗೆ ಬರೆದಿದ್ದೀರಿ. ನಾನು ತುರ್ತು ಕರೆ ಸ್ವೀಕರಿಸುವ ಕೆಲಸದಲ್ಲಿದ್ದವನು. ಒಂದು ಸಂಗತಿ ಬಿಟ್ಟುಹೋಗಿದೆ.

2023ರ ನವೆಂಬರ್ 8ರಂದು ಆಸ್ಟ್ರೇಲಿಯಾದಲ್ಲಿ ಆಪ್ಟಸ್ ಜಾಲ ಬಿದ್ದಿತು. ಸುಮಾರು ಒಂದು ಕೋಟಿ ಗ್ರಾಹಕರಿಗೆ ತೊಂದರೆಯಾಯಿತು. ಆ ದಿನ 2,145 ಜನರ ತುರ್ತು ಕರೆ 000 ಸಂಖ್ಯೆಗೆ ತಲುಪಲೇ ಇಲ್ಲ. ಕರೆ ತಲುಪದವರು ಕ್ಷೇಮವಾಗಿದ್ದಾರೆಯೇ ಎಂದು ಆಮೇಲೆ ವಿಚಾರಿಸಬೇಕಿತ್ತು. 369 ಮಂದಿಯ ವಿಷಯದಲ್ಲಿ ಅದೂ ಆಗಲಿಲ್ಲ ಎಂದು ಅಲ್ಲಿನ ನಿಯಂತ್ರಣ ಸಂಸ್ಥೆಯ ತನಿಖೆ ಹೇಳಿತು. ಕೆನಡಾದ ಸ್ಥಗಿತದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಕೋರ್ ಬಿದ್ದಿದ್ದರೂ ಗೋಪುರಗಳು ಸಂಕೇತ ಹೊರಡಿಸುತ್ತಲೇ ಇದ್ದವು. ಮೊಬೈಲ್‌ಗಳು ಅದನ್ನು ನಂಬಿ ಅದಕ್ಕೇ ಅಂಟಿಕೊಂಡವು, ತುರ್ತು ಕರೆಗಾಗಿ ಬೇರೆ ಕಂಪನಿಯ ಜಾಲಕ್ಕೆ ಬದಲಾಗಲಿಲ್ಲ. ಪರದೆಯ ಮೇಲೆ ಸಂಕೇತದ ಗೆರೆಗಳು ಕಾಣುತ್ತಿವೆ, ಅಲ್ಲಿನ ತುರ್ತು ಸಂಖ್ಯೆ 911 ಮಾತ್ರ ಹೋಗುತ್ತಿಲ್ಲ.

ಹಾಗಾಗಿ ಕರೆ ಎತ್ತಿಕೊಂಡವರು ಕೇಳಬೇಕಾದ ಮೊದಲ ಪ್ರಶ್ನೆ ಕೆಂಪು ದೀಪದ್ದಲ್ಲ. "ಮನೆಯಲ್ಲಿ ಕಾಯಿಲೆಯವರು, ಒಂಟಿಯಾಗಿರುವ ಹಿರಿಯರು ಯಾರಾದರೂ ಈ ಸಂಪರ್ಕವನ್ನೇ ನೆಚ್ಚಿಕೊಂಡಿದ್ದಾರೆಯೇ? ತುರ್ತು ಬಂದರೆ ಕರೆ ಮಾಡಲು ಬೇರೆ ಫೋನ್ ಇದೆಯೇ?" ಎಂದು ಕೇಳಿ. ಫೈಬರ್ ಮೂಲಕ ಬರುವ ಮನೆಯ ಫೋನ್ ಕೂಡ ಇಂಟರ್ನೆಟ್ ಜೊತೆಗೇ ಸಾಯುತ್ತದೆ ಎಂದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಗುಂಡಿ ಒತ್ತಿದರೆ ಸಹಾಯಕ್ಕೆ ಕರೆ ಹೋಗುವ ಸಾಧನವೂ ಹಾಗೆಯೇ, ಅದು ಅದೇ ಸಂಪರ್ಕದಲ್ಲಿದ್ದರೆ. ಈ ಪ್ರಶ್ನೆಗೆ ಇಪ್ಪತ್ತು ಸೆಕೆಂಡ್ ಸಾಕು. ಸರಾಸರಿ ಕರೆ ಅವಧಿ ಇಳಿಸಿ ಎಂದು ಒತ್ತಡ ಹೇರುವವರು ಈ ಇಪ್ಪತ್ತು ಸೆಕೆಂಡ್‌ಗೆ ಕೈ ಹಾಕಬಾರದು.

ಪಾಳಿ ಮೇಲ್ವಿಚಾರಕಿ

ಒಪ್ಪಿದೆ. ನಮ್ಮ ಎರಡು ಪ್ರಶ್ನೆಗಳ ಮುಂದೆ ಇದನ್ನು ಸೇರಿಸಲು ನಾಳೆಯೇ ಬರೆದು ಕೊಡುತ್ತೇನೆ.

ಕರಾರು ಪತ್ರ

ಭಿನ್ನ ಅಭಿಪ್ರಾಯ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಇಂಥ ಸಂಸ್ಥೆಯೊಂದರ ಕಾನೂನು ವಿಭಾಗದಲ್ಲಿದ್ದೇನೆ. "ತೊಂದರೆ ನಮ್ಮ ಕಡೆಯದು" ಎಂಬ ಮಾತು ಧ್ವನಿಮುದ್ರಣದಲ್ಲಿ ಉಳಿಯುತ್ತದೆ. ನಾಳೆ ಪರಿಹಾರದ ಪ್ರಶ್ನೆ ಬಂದಾಗ ಅದನ್ನೇ ಮುಂದಿಡುತ್ತಾರೆ. ಕಾರಣ ತಿಳಿಯುವ ಮೊದಲೇ ಹೊಣೆ ಒಪ್ಪಿಕೊಂಡಂತೆ ಆಗುತ್ತದೆ. ಸ್ಕ್ರಿಪ್ಟ್ ಬಿಗಿಯಾಗಿರುವುದಕ್ಕೆ ಇದೂ ಕಾರಣ.

ಇರುಳುಪಾಳಿ

ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ದೋಷ ಎಲ್ಲಿದೆ ಎಂದು ಹೇಳುವುದು ಬೇರೆ, ಅದಕ್ಕೆ ಯಾರು ಹೊಣೆ ಎಂದು ಒಪ್ಪುವುದು ಬೇರೆ. ಯಾರೋ ರಸ್ತೆ ಅಗೆಯುವಾಗ ನಮ್ಮ ಕೇಬಲ್ ಕಡಿದರೆ ತೊಂದರೆ ನಮ್ಮ ಜಾಲದಲ್ಲಿದೆ, ತಪ್ಪು ನಮ್ಮದಲ್ಲ. "ತೊಂದರೆ ನಿಮ್ಮ ಮನೆಯ ಸಾಧನದಲ್ಲಿಲ್ಲ, ನಮ್ಮ ಜಾಲದಲ್ಲಿದೆ, ಕಾರಣ ಹುಡುಕುತ್ತಿದ್ದಾರೆ" ಎಂಬ ವಾಕ್ಯವನ್ನು ನೀವೇ ಪರಿಶೀಲಿಸಿ ಕೊಟ್ಟರೆ ನಾವು ಅದನ್ನೇ ಹೇಳುತ್ತೇವೆ. ಈಗ ಮಾಡಿಸುತ್ತಿರುವುದು ಏನು? ಚೆನ್ನಾಗಿರುವ ರೂಟರ್ ಅನ್ನು ಆರಿಸಿ ಹಾಕಿಸಿ, ದೋಷ ಅವರದೇ ಇರಬಹುದು ಎಂದು ನಂಬಿಸುವುದು. ಅದೂ ಧ್ವನಿಮುದ್ರಣದಲ್ಲೇ ಉಳಿಯುತ್ತದೆ.

ಕರಾರು ಪತ್ರ

ಆ ವಾಕ್ಯಕ್ಕೆ ನನ್ನ ಆಕ್ಷೇಪವಿಲ್ಲ. "ಕಾರಣ ಹುಡುಕುತ್ತಿದ್ದಾರೆ" ಎಂಬುದು ಅದರಲ್ಲಿ ಇರಲೇಬೇಕು. ಪರಿಹಾರದ ಬಗ್ಗೆ ಕೇಳಿದರೆ ಸಹಾಯವಾಣಿಯವರು ಇದೆ ಎಂದೂ ಹೇಳಬಾರದು, ಇಲ್ಲ ಎಂದೂ ಹೇಳಬಾರದು. ರೋಜರ್ಸ್ ಐದು ದಿನಗಳ ಶುಲ್ಕವನ್ನು ಗ್ರಾಹಕರ ಖಾತೆಗೆ ಹಿಂತಿರುಗಿಸಿದ್ದು ಮೇಲಿನ ಹಂತದ ತೀರ್ಮಾನ. ದೂರು ದಾಖಲಿಸಿ, ಸಂಖ್ಯೆ ಕೊಡಿ, ತೀರ್ಮಾನವಾದ ಮೇಲೆ ತಿಳಿಸುತ್ತಾರೆ ಎನ್ನಿ.

ಹೊಸ ಹೆಡ್‌ಸೆಟ್

ಕೆಲಸಕ್ಕೆ ಸೇರಿ ಕೆಲವೇ ವಾರವಾಗಿದೆ, ಇನ್ನೂ ದೊಡ್ಡ ಸ್ಥಗಿತ ನೋಡಿಲ್ಲ. ಬೈಗುಳ ಕೇಳಿ ಮುಂದಿನ ಕರೆ ಎತ್ತುವುದು ಹೇಗೆ? ತರಬೇತಿಯಲ್ಲಿ "ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ" ಎನ್ನಲು ಕಲಿಸಿದ್ದಾರೆ.

ಇರುಳುಪಾಳಿ

ಆ ವಾಕ್ಯ ಬಿಡು ತಮ್ಮಾ. ನೂರನೆಯ ಸಲ ಹೇಳುವಾಗ ನಿನ್ನ ದನಿಯಲ್ಲೇ ಜೀವ ಇರುವುದಿಲ್ಲ, ಅವರಿಗೂ ಅದು ಗೊತ್ತಾಗುತ್ತದೆ. ಬದಲಿಗೆ ಅವರು ಹೇಳಿದ್ದನ್ನೇ ತಿರುಗಿ ಹೇಳು. "ನಾಳೆ ಬೆಳಿಗ್ಗೆ ಒಳಗೆ ಅರ್ಜಿ ಸಲ್ಲಿಸಬೇಕು, ಇವತ್ತು ಸಂಪರ್ಕ ಇಲ್ಲ, ಅಲ್ಲವೇ ಸರ್?" ಎಂದರೆ ಎದುರಿನವರ ಉಸಿರು ಸ್ವಲ್ಪ ತಗ್ಗುತ್ತದೆ. ಕೇಳಿಸಿಕೊಂಡಿದ್ದಾರೆ ಎಂದು ಅವರಿಗೆ ಖಾತ್ರಿಯಾಗುತ್ತದೆ. ಮುಂದಿನ ಮಾಹಿತಿ ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನು ಹೇಳು, ಸಂಪರ್ಕ ಎಷ್ಟು ಗಂಟೆಗೆ ಬರುತ್ತದೆ ಎಂದಲ್ಲ. ಎಂಟು ಗಂಟೆಗೆ ಸಂದೇಶ ಬರುತ್ತದೆ ಎಂದರೆ ಎಂಟಕ್ಕೆ ಬರಲೇಬೇಕು, "ಹೊಸದೇನೂ ಇಲ್ಲ" ಎಂಬ ಸಂದೇಶವಾದರೂ ಸರಿ. ಅದು ನಾವು ಉಳಿಸಿಕೊಳ್ಳಬಹುದಾದ ಮಾತು.

ಹೊಲಸು ಮಾತು ಬಂದರೆ ಒಂದು ಸಲ ಎಚ್ಚರಿಸು, ಮತ್ತೆ ಬಂದರೆ ಕರೆ ಮುಗಿಸು. ಆದರೆ ಹಾಗೆ ಮಾಡಲು ನಿಮ್ಮಲ್ಲಿ ಲಿಖಿತ ಅನುಮತಿ ಇದೆಯೇ ಎಂದು ಇವತ್ತೇ ಕೇಳಿಟ್ಟುಕೋ. ಸ್ಥಗಿತದ ದಿನ ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಪಾಳಿ ಮೇಲ್ವಿಚಾರಕಿ

ವಿರಾಮವನ್ನು ರದ್ದು ಮಾಡುವುದು ಮೇಲ್ವಿಚಾರಕರು ಮಾಡುವ ಮೊದಲ ತಪ್ಪು ಎಂದೂ ಸೇರಿಸುತ್ತೇನೆ. ಸರದಿ ಉದ್ದವಾದಷ್ಟೂ ವಿರಾಮ ಹೆಚ್ಚು ಬೇಕು. ಐವಿಆರ್‌ನಲ್ಲಿ, ಅಂದರೆ ಕರೆ ಮಾಡಿದ ಕೂಡಲೇ ಕೇಳಿಸುವ ಯಂತ್ರದ ಧ್ವನಿಯಲ್ಲಿ, ಸ್ಥಗಿತದ ಪ್ರಕಟಣೆಯನ್ನು ಮೊದಲ ವಾಕ್ಯವಾಗಿ ಹಾಕಿದರೆ ಎಷ್ಟೋ ಮಂದಿ ಅದನ್ನು ಕೇಳಿಯೇ ಫೋನ್ ಇಡುತ್ತಾರೆ. ಜಾಹೀರಾತು, ಭಾಷೆಯ ಆಯ್ಕೆ, ಖಾತೆ ಸಂಖ್ಯೆ ಎಲ್ಲ ಮುಗಿದ ಮೇಲೆ ಆ ಪ್ರಕಟಣೆ ಹಾಕುವವರಿಗೆ ಏನೆನ್ನಬೇಕೋ ತಿಳಿಯದು.

ಫೈಬರ್ ಜೋಡಣೆ

ಜಾಲ ಮರಳಿದ ಮೇಲಿನ ಹೊತ್ತಿನ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ಪರದೆಯಲ್ಲಿ "ಸರಿಯಾಗಿದೆ" ಎಂದು ಬಂದ ಕ್ಷಣದಿಂದ ನಿಮ್ಮಲ್ಲಿ ಎರಡನೆಯ ಸುತ್ತು ಶುರುವಾಗುತ್ತದೆ. ಲಕ್ಷಾಂತರ ಸಾಧನಗಳು ಒಟ್ಟಿಗೇ ಒಳಬರಲು ನುಗ್ಗುತ್ತವೆ, ದೃಢೀಕರಣ ಸರ್ವರ್‌ಗಳು ತಿಣುಕುತ್ತವೆ. ಕೆಲವು ರೂಟರ್‌ಗಳು ಹಳೆಯ ಇಂಟರ್ನೆಟ್ ವಿಳಾಸವನ್ನೇ ಹಿಡಿದುಕೊಂಡು ಕುಳಿತಿರುತ್ತವೆ. "ಸರಿಯಾಗಿದೆ ಎಂದು ಸಂದೇಶ ಬಂತು, ನನಗಿನ್ನೂ ಇಲ್ಲ" ಎಂಬ ಕರೆಗಳು ಆಗ ಬರುತ್ತವೆ. ರೂಟರ್ ಆರಿಸಿ ಹಾಕಿ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಆಗಲೇ. ಆದರೆ ಸಂಜೆ ಪೂರ್ತಿ ಅದನ್ನೇ ವ್ಯರ್ಥವಾಗಿ ಮಾಡಿಸಿದ್ದರೆ ಈಗ ಯಾರೂ ನಿಮ್ಮ ಮಾತು ಕೇಳುವುದಿಲ್ಲ.

ಇರುಳುಪಾಳಿ

ನಮ್ಮಲ್ಲೂ ಹಾಗೆಯೇ ಆಯಿತು. ಮೂಲ ಟಿಕೆಟ್ ಮುಚ್ಚಿದ ಕೂಡಲೇ ಅದಕ್ಕೆ ಸೇರಿದ್ದ ಎಲ್ಲ ದೂರುಗಳೂ ಒಮ್ಮೆಗೇ ಮುಚ್ಚಿಹೋದವು. ಸಂಪರ್ಕ ಬಾರದೇ ಉಳಿದವರಿಗೂ "ನಿಮ್ಮ ದೂರು ಪರಿಹಾರವಾಗಿದೆ" ಎಂಬ ಸಂದೇಶ ಹೋಯಿತು. ಇದಕ್ಕೆ ನಿಮ್ಮಲ್ಲಿ ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ ಮೇಡಂ?

ಪಾಳಿ ಮೇಲ್ವಿಚಾರಕಿ

ಮೂಲ ಟಿಕೆಟ್ ಮುಚ್ಚಿದರೂ ಕೆಳಗಿನವು "ಗ್ರಾಹಕರ ಖಚಿತತೆಗೆ ಕಾಯುತ್ತಿದೆ" ಎಂಬ ಸ್ಥಿತಿಗೆ ಹೋಗುತ್ತವೆ. "ನಮ್ಮ ಕಡೆ ಸರಿಯಾಗಿದೆ. ನಿಮಗೆ ಬಂದಿದ್ದರೆ 1, ಬಾರದಿದ್ದರೆ 2 ಕಳುಹಿಸಿ" ಎಂಬ ಎಸ್‌ಎಂಎಸ್ ಹೋಗುತ್ತದೆ. 2 ಕಳುಹಿಸಿದವರಿಗೆ ನಾವೇ ಕರೆ ಮಾಡುತ್ತೇವೆ, ಅವರು ಮತ್ತೆ ಸರದಿಯಲ್ಲಿ ನಿಲ್ಲಬೇಕಿಲ್ಲ. ಉತ್ತರ ಬಾರದ ದೂರುಗಳನ್ನು ಮರುದಿನ ಸಂಜೆಯವರೆಗೆ ತೆರೆದೇ ಇಡುತ್ತೇವೆ. ಎಸ್‌ಎಂಎಸ್ ಹೋಗುವ ಮೊಬೈಲ್ ಜಾಲವೂ ನಿಮ್ಮದೇ ಸಂಸ್ಥೆಯದಾಗಿದ್ದರೆ, ಅದು ಸರಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ.